ಬೊಳ್ಳಮ್ಮನಾ, ಆದ್ಯಾನಾ? ಕೊಡಗಿನಲ್ಲಿ ಮಗುವಿಗೆ ಹೆಸರು ಆರಿಸುವವರಿಗೆ

ಕಳೆದ ತಿಂಗಳು ನನ್ನ ತಂಗಿಯ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಮೂರನೇ ದಿನಕ್ಕೇ ಫೋನ್ ಬಂತು. ನಾನು ಅವಳಿಗೆ ಬಲ್ಯವ್ವ, ಅಂದರೆ ದೊಡ್ಡಮ್ಮ. "ಬಲ್ಯವ್ವ, ಹೆಸರು ಏನಿಡೋದು? ನಾಲ್ಕು ಹೆಸರು ಬರೆದಿಟ್ಟಿದ್ದೇವೆ. ಯಾವುದೂ ಗಟ್ಟಿ ಆಗ್ತಿಲ್ಲ." ಆ ನಾಲ್ಕು ಇವು: ಬರೀ ಬೊಳ್ಳಮ್ಮ. ಆದ್ಯಾ ಬೊಳ್ಳಮ್ಮ. ಆದ್ಯಾ, ಜೊತೆಗೆ ಅಪ್ಪನ ಹೆಸರು. ಇಲ್ಲದಿದ್ದರೆ ಕಾವೇರಿ. ಬೊಳ್ಳಮ್ಮ ಅಂದರೆ ನನ್ನ ಅವ್ವ, ಆ ಮಗುವಿನ ಮುತ್ತಜ್ಜಿ.

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ನಾಪೋಕ್ಲು, ವಿರಾಜಪೇಟೆ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಹಾಜರಿ ಕೂಗಿದವಳು. ಹೆಸರುಗಳ ಬಗ್ಗೆ ನನಗೆ ಹೇಳೋಕೆ ತುಂಬಾ ಇದೆ. ಫೋನಿನಲ್ಲಿ ಅಷ್ಟೂ ಹೇಳಲು ಆಗಲಿಲ್ಲ. ಅವಳಂತೆ ಯೋಚನೆ ಮಾಡುತ್ತಾ ಕೂತ ಬೇರೆ ಅಪ್ಪ ಅಮ್ಮಂದಿರೂ ಇರುತ್ತಾರೆ, ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ದಾಖಲಾತಿ ಪುಸ್ತಕ ತಿರುವಿದರೆ

ನಾನಿದ್ದ ಒಂದು ಶಾಲೆಯ ಬೀರುವಿನಲ್ಲಿ ಸ್ವಾತಂತ್ರ್ಯಕ್ಕೂ ಮೊದಲಿನ ದಾಖಲಾತಿ ಪುಸ್ತಕ ಇತ್ತು. ಮಳೆಗಾಲದಲ್ಲಿ ಹುಳ ಹಿಡಿಯದ ಹಾಗೆ ಅದನ್ನು ಆಗಾಗ ಬಿಸಿಲಿಗೆ ಇಡುತ್ತಿದ್ದೆ. ಅದರಲ್ಲಿ ಪುಟಪುಟಕ್ಕೂ ಪೊನ್ನಪ್ಪ, ಬೋಪಯ್ಯ, ಮಂದಣ್ಣ, ಬೆಳ್ಯಪ್ಪ, ಮಾಚಯ್ಯ, ಮುತ್ತಣ್ಣ, ಚಿಣ್ಣಪ್ಪ, ಉತ್ತಯ್ಯ. ಹುಡುಗಿಯರು ಕಡಿಮೆ. ಇದ್ದವರು ಪೊನ್ನವ್ವ, ಮುತ್ತವ್ವ, ನೀಲಮ್ಮ, ದೇಚಮ್ಮ, ಚೋಂದಮ್ಮ, ತಂಗಮ್ಮ, ಬೊಳ್ಳವ್ವ. ಅದೇ ಪುಟದಲ್ಲಿ ಗೌಡರ ಮನೆಯ ಸುಬ್ಬಯ್ಯ, ಲಿಂಗಪ್ಪ, ಹೊನ್ನಮ್ಮ. ಮಾಪಿಳ್ಳೆ ಮುಸ್ಲಿಮರ ಮೊಯ್ದು, ಪಾತುಮ್ಮ. ಉತ್ತರ ಕೊಡಗಿನಿಂದ ಬಂದು ನೆಲೆಸಿದವರ ಬಸಪ್ಪ, ಗೌರಮ್ಮ.

ಐವತ್ತು, ಅರವತ್ತರ ದಶಕಕ್ಕೆ ಬಂದರೆ ಹುಡುಗಿಯರ ಹೆಸರು ಮೊದಲು ಬದಲಾಯಿತು. ಲೀಲಾ, ಕಮಲ, ಸರೋಜ, ಶಾಂತಿ. ಹುಡುಗರಲ್ಲಿ ಸುರೇಶ, ರಮೇಶ, ಪ್ರಕಾಶ ಆಮೇಲೆ ಬಂದರು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ದೀಪಾ, ಕವಿತಾ, ನಿತಿನ್, ರೋಷನ್. 2000ದ ನಂತರ ಸಿಂಚನ, ಪ್ರಜ್ವಲ್, ಧನುಷ್. ನಿವೃತ್ತಿಯ ಹೊತ್ತಿಗೆ ಆರವ್, ವಿಹಾನ್, ದಿಯಾ, ಆದ್ಯಾ. ಈ ಕೊನೆಯ ಹೆಸರುಗಳಲ್ಲಿ ಕೊಡವರ ಮಗುವಾ, ಗೌಡರ ಮಗುವಾ, ಮೈಸೂರಿನಿಂದ ವರ್ಗವಾಗಿ ಬಂದವರ ಮಗುವಾ ಅಂತ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಅದೇ ಇಷ್ಟ. ಅದೂ ಒಂದು ಕಾರಣವೇ.

ಆದರೆ ಒಂದು ಮಾತು. ಯಾರಿಗೂ ಇಲ್ಲದ ಹೆಸರು ಬೇಕು ಅಂತ ಹುಡುಕಿ ಇಟ್ಟ ಹೆಸರೇ ನನ್ನ ಕೊನೆಯ ತರಗತಿಯಲ್ಲಿ ಮೂವರಿಗಿತ್ತು. ಹಿಂದೆ ಒಂದೇ ತರಗತಿಯಲ್ಲಿ ಮೂವರು ಪೊನ್ನಪ್ಪ ಇದ್ದಾಗ ಮನೆಪೆದ, ಅಂದರೆ ಮನೆತನದ ಹೆಸರು, ಸೇರಿಸಿ ಕೂಗುತ್ತಿದ್ದೆವು. ಗೊಂದಲ ಆಗುತ್ತಿರಲಿಲ್ಲ. ಮೂವರು ಆರವ್ ಇದ್ದಾಗ ಆರವ್ ಒಂದು, ಆರವ್ ಎರಡು ಅಂತ ಕೂಗಬೇಕಾಯಿತು.

ನಮ್ಮ ಹೆಸರಿಗೆ ಮೂರು ಜಾಗ

ಹೋಲಿಸುವುದಕ್ಕೆ ಮುಂಚೆ ಇದು ಗೊತ್ತಿರಬೇಕು. ಕೊಡವರ ಹೆಸರಿನಲ್ಲಿ ಮೊದಲು ಮನೆಪೆದ. ನಮ್ಮಲ್ಲಿ ಮನೆತನಕ್ಕೆ ಒಕ್ಕ ಅನ್ನುತ್ತೇವೆ, ಆ ಒಕ್ಕದ ಹೆಸರು ಅದು. ನಂತರ ಅಪ್ಪನ ಹೆಸರು. ಕೊನೆಗೆ ತನ್ನ ಹೆಸರು. ಕೊಡಂದೇರ ಮಾದಪ್ಪ ಕಾರ್ಯಪ್ಪ ಅನ್ನುವುದರಲ್ಲಿ ಕಾರ್ಯಪ್ಪ ಎಂಬುದೇ ಫೀಲ್ಡ್ ಮಾರ್ಷಲರ ಸ್ವಂತ ಹೆಸರು. ಹಾಕಿ ಆಟಗಾರ ಎಂ.ಎಂ. ಸೋಮಯ್ಯ ಅವರದ್ದೂ ಹಾಗೆ, ಮನೆಯಪಂಡ ಮುತ್ತಣ್ಣ ಸೋಮಯ್ಯ. 1980ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು.

ಅದೇ 1980ರಲ್ಲಿ ಹುಟ್ಟಿದ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ಹೆಸರು ನೋಡಿ. ಸ್ವಂತ ಹೆಸರು ಮುಂದೆ ಬಂತು, ಅಪ್ಪನ ಹೆಸರು ಹಿಂದೆ ಹೋಯಿತು. ಮಚ್ಚಂಡ ಅನ್ನುವ ಮನೆಪೆದ ಪತ್ರಿಕೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಅಶ್ವಿನಿ ಪೊನ್ನಪ್ಪ, ರಶ್ಮಿಕಾ ಮಂದಣ್ಣ ಎಲ್ಲರದ್ದೂ ಇದೇ ರೀತಿ. ಶಾಲೆ, ಬ್ಯಾಂಕು, ಪಾಸ್‌ಪೋರ್ಟ್ ಅರ್ಜಿಗಳೆಲ್ಲ ಸರ್‌ನೇಮ್ ಕೊನೆಗೆ ಕೇಳುತ್ತವೆ. ನಮ್ಮ ಹೆಸರನ್ನು ಆ ಅರ್ಜಿಗೆ ತಕ್ಕ ಹಾಗೆ ತಿರುಗಿಸಿಕೊಂಡೆವು.

ಇಲ್ಲಿ ಒಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಹೀಗೆ ತಿರುಗಿಸಿದ್ದರಿಂದ ಗಂಡಸರ ಹಳೆಯ ಹೆಸರುಗಳು ಬದುಕಿಕೊಂಡವು. ಪೊನ್ನಪ್ಪ, ಬೋಪಣ್ಣ, ಮಂದಣ್ಣ, ಉತ್ತಪ್ಪ, ತಿಮ್ಮಯ್ಯ ಇವತ್ತು ದೇಶಕ್ಕೆಲ್ಲ ಗೊತ್ತು. ಸರ್‌ನೇಮ್ ಜಾಗದಲ್ಲಿ ಅವು ಭದ್ರವಾಗಿ ಕೂತಿವೆ. ಹೆಂಗಸರ ಹೆಸರಿಗೆ ಆ ಜಾಗ ಸಿಗಲಿಲ್ಲ. ಅಮ್ಮನ ಹೆಸರನ್ನು ಯಾರೂ ಸರ್‌ನೇಮ್ ಮಾಡಿಕೊಳ್ಳಲಿಲ್ಲ. ಆದ್ದರಿಂದ ಬೊಳ್ಳವ್ವ, ಚೋಂದಮ್ಮ, ಮುದ್ದವ್ವ, ದೇಚಮ್ಮ ಎಲ್ಲ ಆ ಅಜ್ಜಿಯರ ಜೊತೆಗೇ ಹೊರಟು ಹೋಗುತ್ತಿವೆ. ಗಂಡು ಮಗುವಿಗೆ ಹೊಸ ಹೆಸರಿಟ್ಟರೆ ಹಳೆಯದು ಹಿಂದೆಯಾದರೂ ಉಳಿಯುತ್ತದೆ. ಹೆಣ್ಣು ಮಗುವಿಗೆ ಹೊಸದಿಟ್ಟರೆ ಹಳೆಯದು ಪೂರ್ತಿ ಹೋಯಿತು.

ಇನ್ನೂ ಒಂದಿದೆ. ಮದುವೆಯಾದ ಮೇಲೆ ಹೆಣ್ಣಿನ ಒಕ್ಕ ಬದಲಾಗುತ್ತದೆ. ಮನೆಪೆದ ಬದಲಾಗುತ್ತದೆ. ಹುಟ್ಟಿನಿಂದ ಕೊನೆಯವರೆಗೆ ಅವಳ ಜೊತೆ ಇರುವುದು ಸ್ವಂತ ಹೆಸರು ಒಂದೇ. ಹಾಗಾಗಿ ಹೆಣ್ಣು ಮಗುವಿನ ಹೆಸರಿಗೆ ಜಾಸ್ತಿ ಹೊತ್ತು ಕೊಡಿ ಅನ್ನುತ್ತೇನೆ ನಾನು.

ಅಜ್ಜ, ಅಜ್ಜಿಯ ಹೆಸರನ್ನೇ ಇಡುವುದು

ಮೊದಲಿನಿಂದ ನಡೆದು ಬಂದದ್ದು ಇದು. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯದ್ದು ಮೊಮ್ಮಗಳಿಗೆ. ಒಂದು ತಲೆಮಾರು ಬಿಟ್ಟು ಹೆಸರು ಮತ್ತೆ ಮನೆಗೆ ಬರುತ್ತದೆ. ಹಿಂದೆ ಗಂಡು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸಿ, ಔಡಲ ಕಡ್ಡಿಯ ಪುಟ್ಟ ಬಿಲ್ಲನ್ನು ಕೂಸಿನ ಕೈಗೆ ಮುಟ್ಟಿಸುತ್ತಿದ್ದರು. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಿ ಹೆಸರು ಕರೆಯುತ್ತಿದ್ದರು. ಆ ಹೆಸರನ್ನು ಯಾರೂ ಪುಸ್ತಕದಲ್ಲಿ ಹುಡುಕುತ್ತಿರಲಿಲ್ಲ. ಅದು ಆಗಲೇ ಮನೆಯಲ್ಲಿತ್ತು.

ಹಳೆಯ ಹೆಸರಿಗೆ ಅರ್ಥ ಇಲ್ಲ ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ಪೊನ್ನು ಅಂದರೆ ಚಿನ್ನ. ಪೂ ಅಂದರೆ ಹೂವು. ಬೊಳ್ಳಿ ಅಂದರೆ ಬೆಳ್ಳಿ. ತಂಗ ಅಂದರೂ ಚಿನ್ನವೇ. ಮುತ್ತು, ಮುದ್ದು ಎಲ್ಲರಿಗೂ ಗೊತ್ತು. ಕುಟ್ಟಪ್ಪನಲ್ಲಿರುವ ಕುಟ್ಟ ಅಂದರೆ ಮಗು. ಹಳೆಗನ್ನಡದ ಪೊನ್, ಪೂ ಇವೆಯಲ್ಲ, ಬಯಲುಸೀಮೆಯಲ್ಲಿ ಅವು ಹೊನ್ನು, ಹೂವು ಆದವು. ನಮ್ಮಲ್ಲಿ ಪಕಾರ ಹಾಗೇ ಉಳಿಯಿತು. ಆ ಹಳೆಯ ಪುಸ್ತಕದ ಒಂದೇ ಪುಟದಲ್ಲಿದ್ದ ಪೊನ್ನವ್ವ ಮತ್ತು ಹೊನ್ನಮ್ಮ ನಿಜವಾಗಿ ಒಂದೇ ಹೆಸರಿನ ಹುಡುಗಿಯರು. ನನಗೆ ಇದು ಹೊಳೆದ ದಿನ ತುಂಬಾ ಖುಷಿಯಾಗಿತ್ತು.

"ಬೆಂಗಳೂರಿನ ಸ್ಕೂಲಲ್ಲಿ ಮಕ್ಕಳು ನಗ್ತಾರೆ ಬಲ್ಯವ್ವ" ಅಂದಳು ತಂಗಿಯ ಮಗಳು. ಆ ಭಯ ಸುಳ್ಳಲ್ಲ. ಒಂದೆರಡು ವರ್ಷ ಮಗು ಬೇಜಾರು ಮಾಡಿಕೊಳ್ಳಬಹುದು. ಆದರೆ ಓಟಗಾರ್ತಿ ಎಂ.ಆರ್. ಪೂವಮ್ಮ ಅವರನ್ನು ನೆನೆಸಿಕೊಳ್ಳಿ. ಮಚ್ಚೆಟ್ಟಿರ ರಾಜು ಪೂವಮ್ಮ. ಹುಟ್ಟಿದ್ದು 1990ರಲ್ಲಿ. ಅಶ್ವಿನಿ ಪೊನ್ನಪ್ಪ ಅವರಿಗಿಂತ ಒಂದೇ ವರ್ಷ ಚಿಕ್ಕವರು. ಇಬ್ಬರೂ ಒಂದೇ ಕಾಲದವರು, ಒಬ್ಬರದ್ದು ಹೊಸ ರೀತಿ, ಒಬ್ಬರದ್ದು ಪೂರ್ತಿ ಹಳೆಯ ರೀತಿ. 2014 ಮತ್ತು 2018ರ ಏಷ್ಯನ್ ಗೇಮ್ಸ್ ರಿಲೇಯಲ್ಲಿ ಚಿನ್ನ ಬಂದಾಗ ಟೀವಿಯವರು ಪೂವಮ್ಮ, ಪೂವಮ್ಮ ಅಂತಲೇ ಕೂಗಿದರು. ಯಾರೂ ನಗಲಿಲ್ಲ. ಅವರ ಹೆಸರು ಹಾಗೇ ಇದ್ದದ್ದಕ್ಕೆ ನಾನು ಇವತ್ತಿಗೂ ಕೃತಜ್ಞಳು.

ಕರೆಯುವುದಕ್ಕೂ ಈ ಹೆಸರುಗಳು ಚೆನ್ನ. ಗದ್ದೆಯ ಆಚೆ ಬದಿಯಿಂದ, ತೋಟದ ಮೇಲಿನಿಂದ ಕೂಗಲು ಆದ ಹೆಸರುಗಳಿವು. ಪೂವಮ್ಮಾ, ದೇವಯ್ಯಾ ಅಂತ ಎಷ್ಟು ದೂರ ಬೇಕಾದರೂ ಎಳೆಯಬಹುದು. ಆರವ್, ಅದ್ವಿಕ್ ಅಂತ ಕೂಗಿ ನೋಡಿ. ಬಾಯಿ ಮುಚ್ಚಿಕೊಳ್ಳುತ್ತದೆ, ದನಿ ಅಲ್ಲೇ ನಿಲ್ಲುತ್ತದೆ. ಯಾವ ಹೆಸರೇ ಆರಿಸಿ, ಒಮ್ಮೆ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಕೂಗಿ.

ಈ ದಾರಿಯ ಕಷ್ಟ ಇರುವುದು ಇಂಗ್ಲಿಷ್ ಅಕ್ಷರದಲ್ಲಿ. ಕಾರ್ಯಪ್ಪನಿಗೆ ಕೆ ಹಾಕುವವರೂ ಇದ್ದಾರೆ, ಸಿ ಹಾಕುವವರೂ ಇದ್ದಾರೆ. ತಿಮ್ಮಯ್ಯನಿಗೆ ಒಂದು ಎಮ್ಮಾ, ಎರಡಾ? ಕೊನೆಯಲ್ಲಿ ವೈ ಬರಬೇಕಾ, ಐ ಬರಬೇಕಾ? ಅಜ್ಜನ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಆಸ್ತಿ ಪತ್ರ ನೋಡುವಾಗ ಮುಂದೆ ಉಪಯೋಗಕ್ಕೆ ಬರುತ್ತದೆ.

ಮುಂದೆ ಹೊಸದು, ಹಿಂದೆ ಹಳೆಯದು

ಈಗ ಜಾಸ್ತಿ ಜನ ಆರಿಸುವುದು ಇದನ್ನೇ. ಊರಿಗೂ ಒಪ್ಪಿಗೆ, ಅತ್ತೆ ಮಾವನಿಗೂ ಒಪ್ಪಿಗೆ. ಪಾಸ್‌ಪೋರ್ಟಿನ ಎರಡೂ ಖಾನೆ ತುಂಬುತ್ತವೆ. ಗಂಡು ಮಗುವಿಗೆ ಇದು ಒಳ್ಳೆಯ ದಾರಿ. ಹೊಸ ಹೆಸರು, ಹಿಂದೆ ಅಜ್ಜನದ್ದೋ ಅಪ್ಪನದ್ದೋ ಹೆಸರು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಹೆಣ್ಣು ಮಗುವಿಗೆ ಮಾತ್ರ ಸ್ವಲ್ಪ ಯೋಚಿಸಿ. ಆದ್ಯಾ ಬೊಳ್ಳಮ್ಮ ಅಂತ ಇಟ್ಟರೆ ಸರ್‌ನೇಮ್ ಖಾನೆಯಲ್ಲಿ ಬೊಳ್ಳಮ್ಮ ಕೂರುತ್ತಾಳೆ. ಮದುವೆಯಾದ ಮೇಲೆ ಎಷ್ಟೋ ಹುಡುಗಿಯರು ಮೊದಲು ಬದಲಾಯಿಸುವುದು ಆ ಖಾನೆಯನ್ನೇ. ಮುತ್ತಜ್ಜಿಯ ಹೆಸರು ಉಳಿಸಬೇಕು ಅನ್ನುವ ಆಸೆ ನಿಜವಾಗಿ ಇದ್ದರೆ ಅದು ಗಿವನ್ ನೇಮ್ ಖಾನೆಯಲ್ಲೇ ಇರಲಿ. ಅಲ್ಲಿ ಎರಡು ಹೆಸರು ಬರೆಯಬಹುದು. ಸರ್‌ನೇಮಿಗೆ ಅಪ್ಪನ ಹೆಸರೋ ಮನೆಪೆದವೋ ಬರಲಿ.

ಬರೀ ಹೊಸ, ಚಿಕ್ಕ ಹೆಸರು

ಚಿಕ್ಕದಾಗಿರುತ್ತದೆ, ಎಲ್ಲ ಊರಲ್ಲೂ ನಡೆಯುತ್ತದೆ, ಬರೆಯಲು ಸುಲಭ. ಒಪ್ಪುತ್ತೇನೆ. ಅಪ್ಪ ಒಂದು ಜಿಲ್ಲೆ, ಅಮ್ಮ ಇನ್ನೊಂದು ಭಾಷೆ ಆಗಿದ್ದರೆ ಇಬ್ಬರ ಮನೆಗೂ ಸಲ್ಲುವ ಹೆಸರು ಇದರಲ್ಲೇ ಸಿಗುವುದು.

ಆದರೆ ಅರ್ಥವನ್ನು ಫೋನಿನ ಪಟ್ಟಿ ನೋಡಿ ನಂಬಬೇಡಿ. ಆರವ್ ಅಂದರೆ ಶಾಂತ ಅಂತ ಎಷ್ಟೋ ಕಡೆ ಬರೆದಿದ್ದಾರೆ. ಸಂಸ್ಕೃತದಲ್ಲಿ ಆರವ ಅಂದರೆ ಸದ್ದು, ಕೂಗು. ಸದ್ದಿಲ್ಲದ್ದು ನೀರವ. ಈಗಾಗಲೇ ಇಟ್ಟವರು ಬೇಜಾರು ಮಾಡಿಕೊಳ್ಳಬೇಡಿ. ಮಗುವಿನ ಕೂಗಿಗಿಂತ ಮನೆಗೆ ಬೇರೆ ಏನು ಬೇಕು? ಇನ್ನು ಇಡುವವರು ಮಾತ್ರ ಒಂದು ಒಳ್ಳೆಯ ನಿಘಂಟು ತೆಗೆದು ನೋಡಿ. ಹತ್ತು ನಿಮಿಷದ ಕೆಲಸ.

ನಕ್ಷತ್ರದ ಅಕ್ಷರಕ್ಕೇ ಹೆಸರು ಬೇಕು ಅನ್ನುವವರಿಗೂ ಒಂದು ಮಾತು. ಆ ಅಕ್ಷರದಲ್ಲಿ ನಿಮ್ಮ ಮನೆಯಲ್ಲಿ ಹಿಂದೆ ಯಾರ ಹೆಸರಿತ್ತು ಅಂತ ಮೊದಲು ಹಿರಿಯರನ್ನು ಕೇಳಿ. ಪೂ ಬಂದರೆ ಪೂವಯ್ಯ, ಪೂಣಚ್ಚ, ಪೂವಮ್ಮ ಇದ್ದಾರೆ. ಮು ಬಂದರೆ ಮುತ್ತಣ್ಣ, ಮುತ್ತಮ್ಮ ಇದ್ದಾರೆ.

ಹಳೆಯ ಹೆಸರಿನ ಹೊಸ ಉಚ್ಚಾರ

ಇದೂ ಒಂದು ದಾರಿ. ಪಾತುಮ್ಮ ಈಗ ಫಾತಿಮಾ. ಲಚ್ಚಮ್ಮ ಈಗ ಲಕ್ಷ್ಮಿ. ಕಾವೇರಮ್ಮ ಈಗ ಕಾವೇರಿ. ಹೆಸರು ಅದೇ, ಅಂಚು ಮಾತ್ರ ಸ್ವಲ್ಪ ನಯವಾಯಿತು. ಕಾವೇರಿ ಅನ್ನುವ ಹೆಸರಿಗೆ ನಮ್ಮ ಜಿಲ್ಲೆಯಲ್ಲಿ ವಯಸ್ಸೇ ಇಲ್ಲ. ದಾಖಲಾತಿ ಪುಸ್ತಕದ ಎಲ್ಲ ದಶಕದಲ್ಲೂ ಅವಳಿದ್ದಾಳೆ. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣದ ಆಸುಪಾಸಿಗೆ ಹುಟ್ಟಿದ ಹೆಣ್ಣಿಗೆ ಬೇರೆ ಹೆಸರು ಯೋಚಿಸದ ಮನೆಗಳು ನನಗೆ ಗೊತ್ತು. ತಮಿಳರು ಅದೇ ನದಿಯನ್ನು ಪೊನ್ನಿ ಅನ್ನುತ್ತಾರೆ. ಪೊನ್ನಿ ಅಂತ ಒಂದು ಕೊಡಗಿನ ಹುಡುಗಿಗೆ ಹೆಸರಿಟ್ಟರೆ ಪೊನ್ನಮ್ಮನೂ ಬಂದಳು, ಕಾವೇರಿಯೂ ಬಂದಳು. ಯಾರಾದರೂ ಇಡಲಿ ಅಂತ ನನಗೆ ಆಸೆ.

ಪುಸ್ತಕಕ್ಕೆ ಒಂದು, ಬಾಯಿಗೆ ಒಂದು

ನನಗೆ ತುಂಬಾ ಇಷ್ಟವಾದ ದಾರಿ ಇದು. ಇದು ಹೊಸದೂ ಅಲ್ಲ. ಫೀಲ್ಡ್ ಮಾರ್ಷಲರ ಮಗ, 1938ರಲ್ಲಿ ಹುಟ್ಟಿದ ಏರ್ ಮಾರ್ಷಲ್ ಕೆ.ಸಿ. ಕಾರ್ಯಪ್ಪ ಹತ್ತಿರದವರಿಗೆಲ್ಲ ನಂದಾ. ಜನರಲ್ ತಿಮ್ಮಯ್ಯ ಸೈನ್ಯದ ಸ್ನೇಹಿತರಿಗೆ ಟಿಮ್ಮಿ. ನಮ್ಮ ಊರುಗಳಲ್ಲಿ ಬಾಬಿ, ಬಬ್ಲಿ, ಕುಟ್ಟ, ಪೊನ್ನು ಇಲ್ಲದ ಮನೆ ಯಾವುದಿದೆ?

ಅಂದರೆ ಹಳೆಯ ಹೆಸರಿಗೂ ಹೊಸ ಹೆಸರಿಗೂ ಜಗಳ ಹಚ್ಚುವುದೇ ಬೇಡ. ದಾಖಲೆಯಲ್ಲಿ ಮುತ್ತಜ್ಜಿಯ ಹೆಸರು ಪೂರ್ತಿಯಾಗಿ ಇರಲಿ. ಕರೆಯಲು ನಿಮಗೆ ಇಷ್ಟವಾದ ಚಿಕ್ಕ ಹೆಸರು ಇರಲಿ. ಉಲ್ಟಾ ಮಾಡಬೇಡಿ. ಮನೆಯಲ್ಲಿ ಮಾತ್ರ ಕರೆದ ಹೆಸರು ಕರೆಯುವವರು ಇರುವಷ್ಟು ದಿನ ಮಾತ್ರ ಇರುತ್ತದೆ. ಬರೆದಿಟ್ಟದ್ದು ಉಳಿಯುತ್ತದೆ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕಾಫಿ ತೋಟದ ಲೈನ್‌ಮನೆಯಿಂದ ಎರವ ಬುಡಕಟ್ಟಿನ ಒಬ್ಬ ಅಪ್ಪ ಮಗಳನ್ನು ಒಂದನೇ ತರಗತಿಗೆ ಸೇರಿಸಲು ಬಂದಿದ್ದ. ಹೆಸರು ಕೇಳಿದೆ. ಬೊಳ್ಳಿ ಅಂದ. ಶಾಲೆಗೆ ಚೆನ್ನಾಗಿರೋ ಹೆಸರು ಇರಲಿ ಅಂತ ನಾನೇ ಭವ್ಯ ಅಂತ ಬರೆದೆ. ಆಗ ಎಷ್ಟೋ ಮೇಷ್ಟ್ರು, ಟೀಚರ್‌ಗಳು ಹಾಗೇ ಮಾಡುತ್ತಿದ್ದರು. ಒಳ್ಳೆಯದು ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಆ ಹುಡುಗಿ ಮೊದಲ ವಾರ ಪೂರ್ತಿ ಹಾಜರಿಗೆ ಓಗೊಡಲಿಲ್ಲ. ಭವ್ಯ ಅಂದರೆ ತಾನೇ ಅಂತ ಅವಳಿಗೆ ಗೊತ್ತಿರಲಿಲ್ಲ. ಬೊಳ್ಳಿ ಅನ್ನುವ ಹೆಸರನ್ನು ಕೊಟ್ಟಿದ್ದು ಅವಳ ಮನೆಯವರು. ತೆಗೆಯುವ ಹಕ್ಕು ನನಗೆ ಇರಲಿಲ್ಲ. ನನ್ನ ಅವ್ವನ ಹೆಸರಿನಲ್ಲಿ ಇರುವುದೂ ಅದೇ ಬೊಳ್ಳಿ ಅನ್ನುವುದು ಆಗ ನನಗೆ ಹೊಳೆಯಲೇ ಇಲ್ಲ.

ಮನೆಪೆದ ಮರೆಯಬೇಡಿ

ಯಾವ ಹೆಸರು ಆರಿಸಿದರೂ ಮನೆಪೆದವನ್ನು ಬರೀ ಒಂದು ಅಕ್ಷರ ಮಾಡಬೇಡಿ. ಕೆ. ಅಂತ ಬರೆದರೆ ಯಾವ ಒಕ್ಕ ಅಂತ ಮೊಮ್ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಒಂದೇ ಒಕ್ಕದವರು ಮದುವೆಯಾಗುವಂತಿಲ್ಲ, ಹಾಗಾಗಿ ಸಂಬಂಧ ಕೇಳುವಾಗ ಮೊದಲು ಬರುವ ಪ್ರಶ್ನೆ ಅದೇ. 1997ರಲ್ಲಿ ಕರಡ ಅನ್ನುವ ಊರಿನಲ್ಲಿ ಪಾಂಡಂಡ ಕುಟುಂಬದವರು ಶುರು ಮಾಡಿದ ಕೌಟುಂಬಿಕ ಹಾಕಿಯಲ್ಲಿ ತಂಡ ಕಟ್ಟುವುದೂ ಒಕ್ಕದ ಹೆಸರಿನ ಮೇಲೆಯೇ. ಗೌಡರಲ್ಲೂ ಮನೆತನದ ಹೆಸರು ಅಷ್ಟೇ ಮುಖ್ಯ. 1837ರಲ್ಲಿ ಬ್ರಿಟಿಷರು ಮಡಿಕೇರಿಯಲ್ಲಿ ಗಲ್ಲಿಗೇರಿಸಿದ ಅಪ್ಪಯ್ಯ ಗೌಡರನ್ನು ನಾವು ಇಂದಿಗೂ ಗುಡ್ಡೆಮನೆ ಅಪ್ಪಯ್ಯ ಗೌಡ ಅಂತಲೇ ಹೇಳುವುದು. ಪತ್ರದಲ್ಲಿ ಜಾಗ ಇದೆ. ಪೂರ್ತಿ ಬರೆಯಿರಿ.

ಬರೆಸುವ ಮುಂಚೆ

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆದರೆ ಅಷ್ಟರೊಳಗೆ ಹೆಸರು ಗಟ್ಟಿಯಾಗಲೇಬೇಕು ಅಂತಿಲ್ಲ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ಆಸ್ಪತ್ರೆಯಲ್ಲಿ ಅವಸರ ಮಾಡಿದರು ಅಂತ ಬಾಯಿಗೆ ಬಂದ ಹೆಸರು ಬರೆಸಬೇಡಿ.

1 ಅಕ್ಟೋಬರ್ 2023ರಿಂದ ಈಚೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಮುಂಚೆ ಶಾಲೆಯಲ್ಲಿ ಬರೆಸಿದ್ದೇ ಹೆಸರಾಗುತ್ತಿತ್ತು. ಈಗ ಹಾಗಲ್ಲ. ಒಂಟಿ ಹೆಸರನ್ನೂ ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ಭೇಟಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಕೊಲ್ಲಿ ದೇಶದಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಪ್ರಮಾಣಪತ್ರದಲ್ಲಿ ಕನ್ನಡದ ಸಾಲು, ಇಂಗ್ಲಿಷಿನ ಸಾಲು ಎರಡನ್ನೂ ಬೆರಳಿಟ್ಟು ಓದಿ. ಇದನ್ನು ತಂಗಿಯ ಮಗಳಿಗೆ ಎರಡು ಸಲ ಹೇಳಿದ್ದೆ. ಹೇಳಿದ್ದು ಒಳ್ಳೆಯದಾಯಿತು. ಕರಡು ಪ್ರತಿಯ ಕನ್ನಡ ಸಾಲಿನಲ್ಲಿ ಬೋಳಮ್ಮ ಅಂತ ಬಂದಿತ್ತು. ಅಲ್ಲೇ ನಿಂತು ಸರಿ ಮಾಡಿಸಿದಳು.

ಹೌದು, ಕೊನೆಗೆ ಅವಳು ಬೊಳ್ಳಮ್ಮ ಅಂತಲೇ ಬರೆಸಿದಳು. ಸರ್‌ನೇಮಿಗೆ ಅಪ್ಪನ ಮನೆಪೆದ. ಆದ್ಯಾ ಎಲ್ಲಿ ಹೋದಳು ಅಂತ ಕೇಳಿದೆ. "ಆದ್ಯಾ ಬೇಡ ಬಲ್ಯವ್ವ, ಕರೆಯೋಕೆ ಬೊಳ್ಳಿ ಸಾಕು" ಅಂದಳು. ತೊಟ್ಟಿಲಿಗೆ ಹಾಕಿದ ದಿನ ಒಬ್ಬೊಬ್ಬರಾಗಿ ಬಗ್ಗಿ ಹೆಸರು ಕರೆದರು. ನನ್ನ ಸರದಿ ಬಂದಾಗ ಮಗು ನಿದ್ದೆಯಲ್ಲಿತ್ತು. ಬೊಳ್ಳೀ ಅಂದೆ. ಮುಷ್ಟಿ ಸ್ವಲ್ಪ ಬಿಚ್ಚಿತು, ಮತ್ತೆ ಮುಚ್ಚಿತು.